ಫಾಬಿಯೋ ಕಿಜಿ: ಸಹಿ ಹಾಕದ ಸಂಧಾನಕಾರ

ಫಾಬಿಯೋ ಕಿಜಿ ಹುಟ್ಟಿದ್ದು 1599ರಲ್ಲಿ, ಇಟಲಿಯ ಸಿಯೆನಾದಲ್ಲಿ. ಮಾಲ್ಟಾದಲ್ಲಿ ಪೋಪರ ಪ್ರತಿನಿಧಿಯಾಗಿದ್ದಾಗಲೇ, 1635ರಲ್ಲಿ, ನಾರ್ದೋದ ಬಿಷಪ್ ಪದವಿ ಬಂತು. 1639ರಲ್ಲಿ ರಾಯಭಾರಿಯಾಗಿ ಜರ್ಮನಿಯ ಕಲೋನ್‌ಗೆ ಹೋದರು.

ನಿಜವಾದ ಪರೀಕ್ಷೆ ಎದುರಾದದ್ದು ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ, ಯುರೋಪಿನ ಮೂವತ್ತು ವರ್ಷಗಳ ಯುದ್ಧ ನಿಲ್ಲಿಸುವ ಮಾತುಕತೆಯಲ್ಲಿ. ಕಿಜಿ ಮತ್ತು ವೆನಿಸ್‌ನ ಆಲ್ವಿಸೆ ಕಾಂತಾರಿನಿ ಅಲ್ಲಿ ಮಧ್ಯಸ್ಥರು. ಫ್ರಾನ್ಸಿನವರ ಬೇಡಿಕೆಯನ್ನು ಸ್ಪೇನಿನವರಿಗೆ, ಅವರ ಉತ್ತರವನ್ನು ಇವರಿಗೆ ಮುಟ್ಟಿಸುತ್ತ ವರ್ಷಗಟ್ಟಲೆ ಓಡಾಟ. ಅಪಾರ ತಾಳ್ಮೆ ಬೇಡುವ ಕೆಲಸ. ಪ್ರೊಟೆಸ್ಟಂಟರ ಜೊತೆ ಮಾತ್ರ ಕಿಜಿ ನೇರ ಮಾತಿಗೆ ಕೂರಲಿಲ್ಲ. 1648ರಲ್ಲಿ ಒಪ್ಪಂದವಾಯಿತು. ಚರ್ಚಿನ ಆಸ್ತಿ ಪ್ರೊಟೆಸ್ಟಂಟರ ಪಾಲಾದುದನ್ನು ಪ್ರತಿಭಟಿಸಿದ ಕಿಜಿ ಅದಕ್ಕೆ ಸಹಿ ಹಾಕಲಿಲ್ಲ.

ಮುಂದೆ 1652ರಲ್ಲಿ ಕಾರ್ಡಿನಲ್, 1655ರಲ್ಲಿ ಏಳನೇ ಅಲೆಕ್ಸಾಂಡರ್ ಹೆಸರಿನ ಪೋಪ್. ವ್ಯಾಟಿಕನ್‌ನ ಸಂತ ಪೇತ್ರರ ಚೌಕದ ಸುತ್ತ ಕಂಬಸಾಲು ಕಟ್ಟಲು ಶಿಲ್ಪಿ ಬರ್ನಿನಿಗೆ ಹೇಳಿದವರು ಅವರೇ. 1667ರಲ್ಲಿ ತೀರಿಕೊಂಡರು.