ಮೇಲೆ ಹೆಜ್ಜಾರ್ಲೆ, ಕೆಳಗೆ ಗೊಬ್ಬರದ ಗುಂಡಿ

ಬೈಕನ್ನು ಹುಣಸೆ ಮರದ ನೆರಳಲ್ಲಿ ನಿಲ್ಲಿಸಿದ್ದೇ ತಪ್ಪಾಯ್ತು. ಹತ್ತು ನಿಮಿಷ ಬಿಟ್ಟು ಬಂದು ನೋಡಿದ್ರೆ ಸೀಟಿಗೆಲ್ಲಾ ಸುಣ್ಣ ಬಳಿದ ಹಾಗಿತ್ತು! ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹಕ್ಕಿ ನೋಡೋಕೆ ದೋಣಿ ಹತ್ತಬೇಕಿಲ್ಲ. ಮನೆ ಹಿತ್ತಿಲ ಮರದಲ್ಲೇ ಅವುಗಳ ಸಂಸಾರ.

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ರುದ್ರಾಕ್ಷಿಪುರದ ಹತ್ತಿರ ತಿರುಗಿದರೆ ಸುಮಾರು 12 ಕಿ.ಮೀ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ನಾನು ಹೋಗಿದ್ದು ಫೆಬ್ರವರಿ ಕೊನೆಗೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಗೂಡು ಕಟ್ಟಿದ್ದವು. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲದೊಳಕ್ಕೆ ತಲೆ ತೂರಿಸಿ ಮೀನು ತಿನ್ನೋದನ್ನ ಅರ್ಧ ಗಂಟೆ ನೋಡಿದೆ. ಆ ಮೀನು ಬರೋದು ಶಿಂಷಾ ನದಿ, ಸುತ್ತಲ ಕೆರೆಗಳಿಂದ. ನಾವು ಹೊಲಕ್ಕೆ ಹೊಡೆದ ಔಷಧಿ ಮಳೆನೀರಲ್ಲಿ ಕೆರೆ ಸೇರಿದರೆ ಆ ಚೀಲಕ್ಕೂ ಬರುತ್ತೆ. ಫೋಟೊ ಆಸೆಗೆ ಗೂಡಿನ ಹತ್ತಿರ ಡ್ರೋನ್ ಹಾರಿಸಬೇಡಿ, ಗಾಬರಿಗೆ ಮರಿಗಳು ಕೆಳಗೆ ಬೀಳ್ತವೆ. ಒಂದು ಬೈನಾಕ್ಯುಲರ್ ಸಾಕು.

ನನ್ನ ಕಣ್ಣು ಹೋಗಿದ್ದು ಮರದ ಬುಡಕ್ಕೆ. ಇಲ್ಲಿನ ರೈತರು ಮರದ ಕೆಳಗೆ ಗುಂಡಿ ತೋಡಿ ಕೆರೆಗೋಡು ತುಂಬ್ತಾರೆ. ಹಿಕ್ಕೆ ಅದರ ಮೇಲೆ ಬಿದ್ದು, ಬೆರೆತು, ಗೊಬ್ಬರವಾಗಿ ಗದ್ದೆಗೆ ಹೋಗುತ್ತೆ. ಗೋಡು ಬೆರೆಸೋದೇ ಇದರ ಜಾಣತನ. ಹಸಿ ಹಿಕ್ಕೆ ನೇರವಾಗಿ ಹಾಕಿದರೆ ಸಾರಜನಕ ಜಾಸ್ತಿಯಾಗಿ ಬೇರು ಸುಡುತ್ತೆ. ಹಸಿ ಕೋಳಿಗೊಬ್ಬರ ಹಾಕಿ ಒಂದು ಮಡಿ ಟೊಮೆಟೊ ಸಸಿ ಕಳ್ಕೊಂಡವನು ನಾನು. ನಿಮ್ಮಲ್ಲೂ ಹಕ್ಕಿ ಕೂರುವ ಮರವಿದ್ದರೆ ಹಿಕ್ಕೆಯನ್ನು ಮಣ್ಣು, ತರಗೆಲೆ ಜೊತೆ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಎರಡು ಮೂರು ತಿಂಗಳು ಕೊಳೆಸಿ. ಒಣ ಹಿಕ್ಕೆ ಕೆದಕುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಶ್ವಾಸಕ್ಕೆ ಒಳ್ಳೇದಲ್ಲ.

ಮರ ಒಬ್ಬ ಅಜ್ಜಿಯದು. "ಹಣ್ಣು ಎಷ್ಟು ಸಿಗುತ್ತಜ್ಜಿ?" ಅಂದೆ.

"ಹಕ್ಕಿ ಕುಂತ ಮರ್ದಲ್ಲಿ ಎಲ್ ಸಿಕ್ಕದೆ ಮಗ? ಹೆಣ್ಮಕ್ಳು ಬಾಣಂತನಕ್ಕೆ ತವರಿಗೆ ಬಂದ್ರೆ ಲೆಕ್ಕ ಇಕ್ಕಂಡ್ ಕೂರಕ್ಕಾಯ್ತದಾ?"

ಮೊಮ್ಮಗ ನಕ್ಕ. "ಅಜ್ಜಿಗೆ ಬ್ಯಾಡ, ನಂಗೆ ಲೆಕ್ಕ ಬೇಕಣ್ಣ. ಬರೋ ಪರಿಹಾರ ಹಣ್ಣಿನ ರೇಟಿಗೆ ಸಮ ಆಗಕಿಲ್ಲ."

ಅವನ ಮಾತನ್ನ ತಳ್ಳಿಹಾಕೋಕೆ ನನಗಾಗಲಿಲ್ಲ. ನಾಳೆ ಮರ ಅವನ ಕೈಗೇ ಬರುತ್ತೆ. ನಾನೂ ಬದುವಿನ ಮರದ ನೆರಳಿಗೆ ಬೆಳೆ ಏಳಲ್ಲ ಅಂತ ಗೊಣಗಿದವನೇ. "ಈ ಗೊಬ್ಬರದಿಂದ ಗದ್ದೆಗೆ ಎಷ್ಟು ಯೂರಿಯಾ ಉಳೀತು ಅಂತ ಬರೆದಿಟ್ಟಿದ್ದೀಯಾ?" ಅಂತ ಕೇಳಿದೆ. ಇಲ್ಲ ಅಂದ. ಈ ಸಲ ಗುಂಡಿ ಎತ್ತುವಾಗ ಬುಟ್ಟಿ ಎಣಿಸಿ ಕಳಿಸ್ತೀನಿ ಅಂತ ನನ್ನ ನಂಬರ್ ತಗೊಂಡ.