ತರಗೆಲೆಯಿಂದ ಚಿಗುರಿಗೆ

ಪಶ್ಚಿಮಘಟ್ಟದ ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಮಳೆಗಾಲದುದ್ದಕ್ಕೂ ಸುರಿಯುವ ಮಳೆ ಮಣ್ಣಿನ ಸಾರವನ್ನು ತೊಳೆಯುತ್ತಲೇ ಇರುತ್ತದೆ. ಅಡಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಪೋಷಕಾಂಶಗಳ ದೊಡ್ಡ ದಾಸ್ತಾನೂ ಇಲ್ಲ. ಆದರೂ ಅಲ್ಲಿ ಮುಗಿಲೆತ್ತರದ ಮರಗಳು ತಲೆತಲಾಂತರದಿಂದ ಬೆಳೆಯುತ್ತಿವೆ. ಆ ಕಾಡಿನ ಸಂಪತ್ತು ಒಂದೆಡೆ ಕೂಡಿಟ್ಟದ್ದಲ್ಲ. ಉದುರಿದ ಎಲೆಯಿಂದ ಬೇರಿಗೆ, ಬೇರಿನಿಂದ ಚಿಗುರಿಗೆ ಸದಾ ಸುತ್ತುತ್ತಿರುವಂಥದ್ದು. ಈ ಸುತ್ತನ್ನು ನಡೆಸುವವು ಸೂಕ್ಷ್ಮಜೀವಿಗಳು. ಫಲವತ್ತಾದ ಮಣ್ಣಿನ ಒಂದೇ ಗ್ರಾಂನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ.

ಎಲೆ ಕೊಳೆಯುವ ಬಗೆ

ಎಲೆ ಉದುರಿಸುವ ಮೊದಲು ಮರ ಅದರಲ್ಲಿರುವ ಸಾರಜನಕ ಮತ್ತು ರಂಜಕದ ಸುಮಾರು ಅರ್ಧ ಪಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ನೆಲಕ್ಕೆ ಬೀಳುವ ತರಗೆಲೆಯಲ್ಲಿ ಹೆಚ್ಚಿನದು ಸೆಲ್ಯುಲೋಸ್ ಮತ್ತು ಲಿಗ್ನಿನ್. ಗೆದ್ದಲು, ಎರೆಹುಳು, ಸಹಸ್ರಪದಿಗಳು ಅದನ್ನು ಚೂರು ಮಾಡುತ್ತವೆ. ಆಮೇಲೆ ಶಿಲೀಂಧ್ರಗಳ ಬಿಳಿ ಎಳೆಗಳು ಚೂರುಗಳೊಳಗೆ ಹರಡಿ ಕಿಣ್ವಗಳನ್ನು ಹೊರಸೂಸುತ್ತವೆ. ಕಟ್ಟಿಗೆಗೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ಪೂರ್ತಿಯಾಗಿ ಒಡೆಯಬಲ್ಲ ಜೀವಿಗಳು ಬಹಳ ಕಡಿಮೆ. ಆ ಕೆಲಸದಲ್ಲಿ ಕೆಲವು ಜಾತಿಯ ಅಣಬೆಗಳದೇ ಮೇಲುಗೈ.

ಕೊಳೆಯಿಸುವ ಜೀವಿಗಳಿಗೂ ತಮ್ಮ ಮೈ ಕಟ್ಟಿಕೊಳ್ಳಲು ಸಾರಜನಕ ಬೇಕು. ತರಗಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 25 ಪಾಲಿಗಿಂತ ಹೆಚ್ಚು ಇಂಗಾಲವಿದ್ದರೆ, ಅವು ಕೊರತೆಯನ್ನು ಮಣ್ಣಿನಿಂದ ಹೀರಿ ತುಂಬಿಕೊಳ್ಳುತ್ತವೆ. ಅರೆಬರೆ ಕೊಳೆತ ಒಣಹುಲ್ಲನ್ನು ಗದ್ದೆಯ ಮಣ್ಣಿಗೆ ಸೇರಿಸಿದಾಗ ಪೈರು ಕೆಲವು ದಿನ ಹಳದಿಗಟ್ಟುವುದು ಇದರಿಂದಲೇ. ಕೊಳೆತಂತೆಲ್ಲ ಇಂಗಾಲ ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿ ಸೇರುತ್ತದೆ. ಸಾರಜನಕದ ಪಾಲು ಏರುತ್ತದೆ. ಮಿಕ್ಕಿದ್ದು ಅಮೋನಿಯಂ ರೂಪದಲ್ಲಿ ಮಣ್ಣಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾಗಳನ್ನು ತಿನ್ನುವ ಏಕಕೋಶ ಜೀವಿಗಳು ಹೆಚ್ಚಾದ ಸಾರಜನಕವನ್ನು ಹೊರಹಾಕಿ ಈ ಕೆಲಸಕ್ಕೆ ಇನ್ನಷ್ಟು ವೇಗ ಕೊಡುತ್ತವೆ.

ಅಮೋನಿಯಂನಿಂದ ನೈಟ್ರೇಟ್

ಮಣ್ಣಿನಲ್ಲಿ ಅಮೋನಿಯಂ ನೈಟ್ರೇಟ್ ಆಗುವುದು ಬರಿಯ ರಾಸಾಯನಿಕ ಕ್ರಿಯೆ ಎಂದು ಬಹುಕಾಲ ನಂಬಲಾಗಿತ್ತು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲಿಗೆ ಏನೂ ಬದಲಾಗಲಿಲ್ಲ. ಸುಮಾರು 20 ದಿನಗಳ ನಂತರ ಹೊರಬಂದ ನೀರಿನಲ್ಲಿ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದರೆ ಅದು ನಿಂತಿತು. ಮಣ್ಣು ಕದಡಿದ ನೀರನ್ನು ಸೇರಿಸಿದರೆ ಮತ್ತೆ ಶುರುವಾಯಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಹೀಗಾಗುತ್ತಿರಲಿಲ್ಲ, ಇದು ಜೀವಿಗಳ ಕೆಲಸವೇ ಎಂಬುದು ಖಚಿತವಾಯಿತು. 1890ರ ಹೊತ್ತಿಗೆ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಬಿಸಿಲಿನ ಹಂಗಿಲ್ಲದೆ, ಈ ಕ್ರಿಯೆಯ ಶಕ್ತಿಯಿಂದಲೇ ಅವು ಬದುಕುತ್ತವೆ.

ಹೋದದ್ದು, ಬಂದದ್ದು

ನೈಟ್ರೇಟ್ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದಿಲ್ಲ. ಜೋರು ಮಳೆಗೆ ಕೊಚ್ಚಿಹೋಗುತ್ತದೆ. ನೀರು ನಿಂತು ಗಾಳಿಯಾಡದ ನೆಲದಲ್ಲಿ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ ಉಸಿರಾಡುತ್ತವೆ, ಸಾರಜನಕವನ್ನು ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಭತ್ತದ ಗದ್ದೆಯಲ್ಲೂ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ರಾಮಪತ್ರೆ ಜೌಗಿನಲ್ಲೂ ಇದಕ್ಕೆ ತಕ್ಕ ನೆಲವಿದೆ.

ಈ ನಷ್ಟವನ್ನು ತುಂಬಿಕೊಡುವವೂ ಬ್ಯಾಕ್ಟೀರಿಯಾಗಳೇ. ಗಾಳಿಯಲ್ಲಿ ಶೇಕಡ 78ರಷ್ಟು ಸಾರಜನಕವಿದ್ದರೂ ಗಿಡಗಳಿಗೆ ಅದು ನೇರವಾಗಿ ದಕ್ಕುವುದಿಲ್ಲ. ದ್ವಿದಳ ಜಾತಿಯ ಸಸ್ಯಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆಂದು 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ತಿಳಿಸಿದರು. 1888ರಲ್ಲಿ ನೆದರ್ಲೆಂಡ್ಸಿನ ಬೈಜರಿಂಕ್ ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ನಮ್ಮ ಹೊನ್ನೆ, ಬೀಟೆ, ಹೊಂಗೆ ಮರಗಳ ಬೇರಿನಲ್ಲೂ ಇಂಥ ಗಂಟುಗಳಿವೆ. ಅಲಸಂದೆ ಗಿಡವೊಂದನ್ನು ಮೆಲ್ಲಗೆ ಕಿತ್ತು ಬೇರಿನ ಗಂಟನ್ನು ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸದಲ್ಲಿದೆ ಎಂದರ್ಥ.

ರಂಜಕದ ಕಥೆ ಬೇರೆ. ಅದು ಗಾಳಿಯಿಂದ ಬರುವುದಿಲ್ಲ. ಜಂಬಿಟ್ಟಿಗೆ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಬೇರಿನೊಳಗೆ ನೆಲೆಸುವ ಮೈಕೊರೈಜಾ ಶಿಲೀಂಧ್ರಗಳು ಬೇರುರೋಮ ತಲುಪದ ಸಂದುಗಳಿಗೂ ಎಳೆ ಚಾಚಿ ರಂಜಕವನ್ನು ತಂದು ಮರಕ್ಕೆ ಕೊಡುತ್ತವೆ, ಬದಲಿಗೆ ಸಕ್ಕರೆ ಪಡೆಯುತ್ತವೆ. ನೆಲದ ಮೇಲಿನ ಬಹುಪಾಲು ಸಸ್ಯಗಳಿಗೆ ಈ ನಂಟಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ಈ ಶಿಲೀಂಧ್ರಗಳ ಅಧ್ಯಯನ ನಡೆಸಿದರು.

ನಮ್ಮ ಪಾಲಿನ ಕೆಲಸ

ತರಗಿಗೆ ಬೆಂಕಿ ಹಚ್ಚಿದರೆ ಅದರಲ್ಲಿನ ಸಾರಜನಕದ ಬಹುಭಾಗ ಹೊಗೆಯೊಡನೆ ಹೋಗುತ್ತದೆ. ಬೂದಿಯಲ್ಲಿ ಉಳಿದ ಪೊಟ್ಯಾಷಿಯಂ, ಸುಣ್ಣದಂಶಗಳು ಮೊದಲ ಮಳೆಗೇ ಹರಿದುಹೋಗಬಹುದು. ಸೂಕ್ಷ್ಮಜೀವಿಗಳ ಆಹಾರವೂ ಅವುಗಳ ತೇವದ ನೆಲೆಯೂ ಒಟ್ಟಿಗೇ ಅಳಿಯುತ್ತವೆ. ಆದ್ದರಿಂದ ಕಾಡಿನ ತರಗನ್ನು ಕಾಡಿಗೇ ಬಿಡೋಣ. ತೋಟದ ಸೋಗೆಯನ್ನು, ಅಂಗಳದ ಎಲೆಯನ್ನು ಸುಡುವ ಬದಲು ಗಿಡದ ಬುಡಕ್ಕೆ ಮುಚ್ಚೋಣ, ಇಲ್ಲವೇ ಸಗಣಿಯೊಡನೆ ಗೊಬ್ಬರದ ಗುಂಡಿಗೆ ಹಾಕೋಣ. ಉಳಿದ ಕೆಲಸವನ್ನು ಸೂಕ್ಷ್ಮಜೀವಿಗಳು ಮಾಡಿಕೊಡುತ್ತವೆ.