ದೋಷ ಓಟದ್ದಲ್ಲ, ಊಟದ್ದು

ಭಾರತದ ವಯಸ್ಕ ಹೆಂಗಸರಲ್ಲಿ ಶೇ 57ರಷ್ಟು ಮಂದಿಯ ಮೈಗೆ ಸಾಕಷ್ಟು ಚಟುವಟಿಕೆಯಿಲ್ಲ ಎಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯ ಅಧ್ಯಯನವೊಂದು ಹೇಳಿತು. ಗಂಡಸರಲ್ಲಿ ಈ ಪ್ರಮಾಣ ಶೇ 42. ವಾರಕ್ಕೆ 150 ನಿಮಿಷದ ಚುರುಕು ನಡಿಗೆಯಷ್ಟಾದರೂ ಬೇಕು ಎಂಬುದು ಇಲ್ಲಿನ ಅಳತೆಗೋಲು. ವರ್ಷಗಟ್ಟಲೆ ಕೂತೇ ಇದ್ದವರು ಎದ್ದು ಓಡಲು ಹೊರಟರೆ ಎರಡು ಮಾತು ಕಿವಿಗೆ ಬೀಳುತ್ತವೆ. ಮುಟ್ಟು ಏರುಪೇರಾಗುತ್ತದೆ, ಮುಂದೆ ಮಕ್ಕಳಾಗುವುದು ಕಷ್ಟ ಎಂಬ ಹೆದರಿಕೆ ಒಂದು. ಇಷ್ಟು ವಾರಗಳಲ್ಲಿ ‘ಹಾರ್ಮೋನ್ ಬ್ಯಾಲೆನ್ಸ್’ ಮಾಡಿಕೊಡುತ್ತೇವೆ ಎಂಬ ಜಾಹೀರಾತು ಇನ್ನೊಂದು. ನಾಲ್ಕು ದಶಕಗಳ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರೆ ಎರಡಕ್ಕೂ ಗಟ್ಟಿ ಆಧಾರವಿಲ್ಲ.

ಹೆದರಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ. ಬೆವರ್ಲಿ ಬುಲೆನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಓಟದ ಅಭ್ಯಾಸವೇ ಇಲ್ಲದ, ಋತುಚಕ್ರ ಸರಿಯಾಗಿದ್ದ 28 ಕಾಲೇಜು ಯುವತಿಯರನ್ನು ಓಡಿಸಿದರು. ದಿನಕ್ಕೆ ಸುಮಾರು ಆರೂವರೆ ಕಿಲೋಮೀಟರಿನಿಂದ ಶುರುವಾದ ಓಟ ಹದಿನಾರು ಕಿಲೋಮೀಟರಿಗೆ ಏರಿತು. ತರಬೇತಿಯ ಅವಧಿಯಲ್ಲಿ ಋತುಚಕ್ರ ಸರಿಯಾಗಿ ಉಳಿದದ್ದು ನಾಲ್ವರಲ್ಲಿ ಮಾತ್ರ ಎಂದು ಅವರು 1985ರಲ್ಲಿ ವರದಿ ಮಾಡಿದರು. ಓಟ ನಿಂತ ಆರು ತಿಂಗಳೊಳಗೆ ಎಲ್ಲರ ಚಕ್ರವೂ ಮೊದಲಿನಂತಾಯಿತು ಎಂಬ ಮುಖ್ಯ ಸಂಗತಿ ಜನರ ಬಾಯಿಂದ ಬಾಯಿಗೆ ಹೋಗುವಾಗ ಬಿಟ್ಟುಹೋಯಿತು. ಕಾರಣಕ್ಕೆ ಎರಡು ಊಹೆಗಳಿದ್ದವು. ಮೈಯ ಕೊಬ್ಬು ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮುಟ್ಟು ನಿಲ್ಲುತ್ತದೆ ಎಂದು ರೋಸ್ ಫ್ರಿಶ್ 1970ರ ದಶಕದಲ್ಲೇ ವಾದಿಸಿದ್ದರು. ವ್ಯಾಯಾಮದ ಒತ್ತಡವೇ ಕಾರಣ ಎಂದು ಬೇರೆಯವರು ನಂಬಿದ್ದರು.

ಇವನ್ನು ಒರೆಗೆ ಹಚ್ಚಲು ಮೊದಲು ಋತುಚಕ್ರದ ಬುಡ ತಿಳಿಯಬೇಕಿತ್ತು. ಮಿದುಳಿನ ಹೈಪೋಥಲಾಮಸ್‌ನಿಂದ ಹೊರಡುವ ಜಿಎನ್‌ಆರ್‌ಎಚ್ ಹಾರ್ಮೋನು ಧಾರೆಯಾಗಿ ಹರಿದರೆ ಕೆಲಸಕ್ಕೆ ಬಾರದು, ಗಂಟೆಗೊಂದರಂತೆ ಮಿಡಿತವಾಗಿ ಬಂದರೆ ಮಾತ್ರ ಪಿಟ್ಯುಟರಿ ಗ್ರಂಥಿ ಓಗೊಡುತ್ತದೆ ಎಂದು ಅರ್ನ್‌ಸ್ಟ್ ನೋಬಿಲ್ ಅವರ ತಂಡ 1978ರಲ್ಲಿ ರೀಸಸ್ ಕೋತಿಗಳಲ್ಲಿ ತೋರಿಸಿತ್ತು. ಪಿಟ್ಯುಟರಿ ಅದಕ್ಕೆ ಉತ್ತರವಾಗಿ ಕಳಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತಗಳನ್ನು ರಕ್ತದಲ್ಲಿ ಎಣಿಸಬಹುದು. ಒಹಾಯೊ ವಿಶ್ವವಿದ್ಯಾಲಯದ ಆ್ಯನ್ ಲೌಕ್ಸ್ ಮಾಡಿದ್ದು ಅದನ್ನೇ. ವ್ಯಾಯಾಮದ ರೂಢಿಯಿಲ್ಲದ ಒಂಬತ್ತು ಯುವತಿಯರಿಂದ ನಾಲ್ಕು ದಿನ ಕಠಿಣ ವ್ಯಾಯಾಮ ಮಾಡಿಸಿ, ಆಮೇಲೆ 24 ಗಂಟೆ ಹತ್ತತ್ತು ನಿಮಿಷಕ್ಕೊಮ್ಮೆ ರಕ್ತ ತೆಗೆದರು. ಒಂದು ಋತುಚಕ್ರದಲ್ಲಿ ಖರ್ಚಾದ ಶಕ್ತಿಯನ್ನು ಊಟದಲ್ಲಿ ತುಂಬಿಕೊಟ್ಟರು, ಇನ್ನೊಂದರಲ್ಲಿ ಕೊಡಲಿಲ್ಲ. ವ್ಯಾಯಾಮ ಎರಡರಲ್ಲೂ ಒಂದೇ. ಎಲ್‌ಎಚ್ ಮಿಡಿತ ನಿಧಾನವಾದದ್ದು ಊಟ ಕಡಿಮೆ ಬಿದ್ದ ಚಕ್ರದಲ್ಲಿ ಮಾತ್ರ. ವ್ಯಾಯಾಮದ ಒತ್ತಡವೊಂದೇ ಮಿಡಿತವನ್ನು ಕದಲಿಸಲಿಲ್ಲ. ನಾಲ್ಕು ದಿನದಲ್ಲಿ ಮೈಯ ಕೊಬ್ಬು ಹೇಳಿಕೊಳ್ಳುವಷ್ಟು ಕರಗುವುದೂ ಇಲ್ಲ. 1998ರ ಈ ಒಂದೇ ಪ್ರಯೋಗದಿಂದ ಎರಡೂ ಊಹೆಗಳು ಸಡಿಲಗೊಂಡವು.

ಕೈ ಬಿಗಿಯಾದ ತಿಂಗಳಲ್ಲಿ ಮನೆ ನಡೆಸುವವರು ಬಾಡಿಗೆ, ಅಕ್ಕಿ, ಔಷಧಿಯ ದುಡ್ಡಿಗೆ ಕೈಹಚ್ಚುವುದಿಲ್ಲ. ಮನೆಗೆ ಸುಣ್ಣ ಬಳಿಸುವುದನ್ನು ಮುಂದಕ್ಕೆ ಹಾಕುತ್ತಾರೆ. ಸಂಬಳ ಕಡಿಮೆ ಬಂತೋ, ಖರ್ಚು ಜಾಸ್ತಿಯಾಯಿತೋ ಎಂಬುದಕ್ಕಿಂತ ಕೊನೆಗೆ ಕೈಯಲ್ಲಿ ಉಳಿದದ್ದೆಷ್ಟು ಎಂಬುದೇ ಅಲ್ಲಿ ತೀರ್ಮಾನಿಸುತ್ತದೆ. ದೇಹವೂ ಹೃದಯ, ಮಿದುಳುಗಳ ಪಾಲನ್ನು ಕಾಯ್ದಿಟ್ಟು, ಗರ್ಭಧಾರಣೆಯ ಸಿದ್ಧತೆಯನ್ನು ಮುಂದೂಡುತ್ತದೆ. ಉಂಡ ಕ್ಯಾಲೊರಿಯಲ್ಲಿ ವ್ಯಾಯಾಮದ ಖರ್ಚು ಕಳೆದು ಉಳಿದದ್ದನ್ನು ಮೈಯ ಕೊಬ್ಬುರಹಿತ ತೂಕಕ್ಕೆ ಭಾಗಿಸಿ ಲೌಕ್ಸ್ ಲೆಕ್ಕ ಹಾಕಿದರು. 2003ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಈ ಉಳಿಕೆ ಕಿಲೋಗೆ ದಿನಕ್ಕೆ 45 ಕ್ಯಾಲೊರಿ ಇದ್ದಾಗ ಮಿಡಿತ ಸರಿಯಾಗಿತ್ತು, 30ಕ್ಕಿಂತ ಕೆಳಗೆ ಹೋದಾಗ ಐದೇ ದಿನದಲ್ಲಿ ಕೆಟ್ಟಿತು. ಕೊಬ್ಬುರಹಿತ ತೂಕ 40 ಕಿಲೋ ಇರುವ ಹೆಣ್ಣುಮಗಳಿಗೆ ಇದು 1,200 ಕ್ಯಾಲೊರಿಯ ಗೆರೆ. ಆಕೆ 1,400 ಕ್ಯಾಲೊರಿ ಉಂಡು 300 ಕರಗಿಸಿದರೆ ಆ ಗೆರೆಯ ಕೆಳಗೆ ಇಳಿದಂತೆ. ಗೆರೆ ಎಲ್ಲರಿಗೂ ಒಂದೇ ಕಡೆ ಇರುವುದಿಲ್ಲ. ಅಪಾಯ ಯಾವ ದಿಕ್ಕಿನಲ್ಲಿದೆ ಎಂಬುದನ್ನಂತೂ ತೋರಿಸುತ್ತದೆ.

ಕಾರಣ ಊಟದ ಕೊರತೆಯೇ ಎಂಬುದಕ್ಕೊಂದು ಗಟ್ಟಿ ಆಕ್ಷೇಪವಿದೆ. ಬುಲೆನ್ ಪ್ರಯೋಗದಲ್ಲಿ ತೂಕ ಇಳಿಯದಂತೆ ನೋಡಿಕೊಂಡ ಯುವತಿಯರಲ್ಲೂ ಹಲವರ ಚಕ್ರ ಕೆಟ್ಟಿತ್ತಲ್ಲ? ಆದರೆ ತೂಕ ನಿಂತಲ್ಲೇ ನಿಂತಿದೆ ಎಂದರೆ ಕೊರತೆಯಿಲ್ಲ ಎಂದರ್ಥವಲ್ಲ. ಶಕ್ತಿ ಸಾಲದಾಗ ದೇಹ ತನ್ನ ಚಯಾಪಚಯವನ್ನೇ ತಗ್ಗಿಸಿಕೊಂಡು ತೂಕ ಉಳಿಸಿಕೊಳ್ಳಬಲ್ಲದು. ನ್ಯಾನ್ಸಿ ವಿಲಿಯಮ್ಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ನೇರವಾಗಿ ಉತ್ತರಿಸುತ್ತದೆ. ದಿನವೂ ಓಡಿ ಮುಟ್ಟು ನಿಂತಿದ್ದ ಕೋತಿಗಳಿಗೆ ಓಟ ನಿಲ್ಲಿಸದೆ ಹೆಚ್ಚಿಗೆ ಆಹಾರ ಕೊಟ್ಟರು, ಅಂಡೋತ್ಪತ್ತಿ ಮರಳಿತು. ಹೆಚ್ಚು ತಿಂದವು ಬೇಗ ಚೇತರಿಸಿಕೊಂಡವು.

ಇನ್ನು ‘ಬ್ಯಾಲೆನ್ಸ್’ ಮಾತು. ಅಮೆರಿಕದ ಮಿನೆಸೋಟಾದಲ್ಲಿ ನಡೆದ ವೈಸರ್ ಅಧ್ಯಯನದಲ್ಲಿ ವ್ಯಾಯಾಮ ಮಾಡದ, ಆರೋಗ್ಯವಂತ 391 ಯುವತಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ವಾರಕ್ಕೆ 150 ನಿಮಿಷದಂತೆ 16 ವಾರ ವ್ಯಾಯಾಮ ಮಾಡಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಈಸ್ಟ್ರೋಜೆನ್, ಪ್ರೊಜೆಸ್ಟರಾನ್, ಟೆಸ್ಟೋಸ್ಟೆರಾನ್ ಯಾವುದರ ಮಟ್ಟದಲ್ಲೂ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಸರಿಯಾಗಿರುವ ಚಕ್ರವನ್ನು ಹಿತಮಿತದ ವ್ಯಾಯಾಮ ಕೆಡಿಸುವುದಿಲ್ಲ, ಇನ್ನಷ್ಟು ಸರಿಮಾಡುವುದೂ ಇಲ್ಲ. ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ ಇರುವವರಿಗೆ ವ್ಯಾಯಾಮದಿಂದ ಉಪಯೋಗವಾಗುತ್ತದಲ್ಲ ಎಂದರೆ, ಆಗುತ್ತದೆ. ಅಲ್ಲಿ ದೇಹ ಇನ್ಸುಲಿನ್‌ನ ಮಾತು ಕೇಳದಿರುವುದು ತೊಂದರೆಯ ದೊಡ್ಡ ಭಾಗ, ದುಡಿಯುವ ಸ್ನಾಯು ಅದನ್ನು ತಿದ್ದುತ್ತದೆ. ಒಂದು ಕಾಯಿಲೆಯಲ್ಲಿ ಕಂಡ ಗುಣವನ್ನು ಆರೋಗ್ಯವಂತರಿಗೆಲ್ಲ ಮಾರುವುದು ವಿಜ್ಞಾನವಲ್ಲ.

ಹಾಗಾಗಿ ನಡಿಗೆ, ಓಟ, ಭಾರ ಎತ್ತುವುದನ್ನು ನಿಧಾನವಾಗಿ ಏರಿಸುತ್ತಾ ಹೊಟ್ಟೆತುಂಬ ಉಣ್ಣುವ ಹೆಂಗಸು ಮುಟ್ಟಿನ ಚಿಂತೆ ಮಾಡಬೇಕಿಲ್ಲ. ಚಿಂತೆ ಮಾಡಬೇಕಾದದ್ದು ಒಂದೇ ವಾರದಲ್ಲಿ ವ್ಯಾಯಾಮ ಎರಡು ಪಟ್ಟು, ಊಟ ಅರ್ಧ ಎಂದು ಹೇಳಿಕೊಡುವ ತೂಕ ಇಳಿಸುವ ಕೋರ್ಸುಗಳ ಬಗ್ಗೆ. ಮೂರು ತಿಂಗಳು ಮುಟ್ಟಾಗದಿದ್ದರೆ ಅದನ್ನು ಕಠಿಣ ಸಾಧನೆಯ ಗುರುತೆಂದು ಹೆಮ್ಮೆಪಡದೆ ವೈದ್ಯರಿಗೆ ತೋರಿಸಬೇಕು. ಈಸ್ಟ್ರೋಜೆನ್ ಕಡಿಮೆಯಾದಷ್ಟೂ ಮೂಳೆ ಸವೆಯುತ್ತದೆ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಹೆಂಗಸರು ಉಣ್ಣುವ ರೂಢಿ ಇನ್ನೂ ಇರುವ ನಮ್ಮಲ್ಲಿ, ವ್ಯಾಯಾಮ ಮಾಡಿ ಎಂದು ಬುದ್ಧಿ ಹೇಳುವವರು ಆಕೆಯ ತಟ್ಟೆಗೆ ಏನು ಬೀಳುತ್ತಿದೆ ಎಂದು ಮೊದಲು ಕೇಳಲಿ. ಊಟದ ಮಾತಿಲ್ಲದ ವ್ಯಾಯಾಮದ ಸಲಹೆ ಅರ್ಧ ಸಲಹೆ.